ವಕೀಲರ ಮನೆಯ ಕಡಲು

ಆಳಂದದ ಬಜಾರಿನಲ್ಲಿ ಬರೀ ಖಮರ ಅಂದರೆ ಯಾವ ಖಮರ ಅನ್ನುತ್ತಾರೆ. ಮೀನಿನ ಖಮರ ಅಂದರೆ ಅಂಗಡಿಯ ಬಾಗಿಲವರೆಗೂ ಬಿಟ್ಟು ಬರುತ್ತಾರೆ. ತಿನ್ನುವ ಮೀನಲ್ಲ, ನೋಡುವ ಮೀನು. ಮುಂಬೈಯಲ್ಲಿ ಗಾಜಿನ ತೊಟ್ಟಿ ತೊಳೆಯುತ್ತ ತೊಳೆಯುತ್ತಲೇ ಕೆಲಸ ಕಲಿತು, ಹೆಂಡತಿ ಜಸ್ಮೀನಳ ಹಟಕ್ಕೆ ಊರಿಗೆ ಮರಳಿದವನು. ಇಲ್ಲಿ ಎಲ್ಲರಿಗೂ ಬೇಕಾದದ್ದು ಬಂಗಾರದ ಬಣ್ಣದ ಎರಡು ಮೀನು ಮತ್ತು ಗುಳ್ಳೆ ಬಿಡುವ ಯಂತ್ರ. ಕಲಿತ ಉಪ್ಪುನೀರಿನ ವಿದ್ಯೆಯನ್ನು ಕೇಳುವವರೇ ಇರಲಿಲ್ಲ.

ಹೀಗಿರುವಾಗ ಜೇವರ್ಗಿಯ ವಕೀಲ ಗುರುರಾಜ ಹೊಸ ಮನೆ ಕಟ್ಟಿಸಿದರು. ‘ಖಮರಭಾಯಿ, ಪಡಸಾಲಿ ಒಂದು ಗೋಡಿ ಪೂರಾ ಸಮುದ್ರ ಆಗಬೇಕ್ರಿ’ ಅಂದರು. ಖಮರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೋರಿನ ನೀರು ಗಡಸು, ನಡೆಯುವುದಿಲ್ಲ. ಶುದ್ಧ ಮಾಡಿದ ನೀರಿಗೆ ಚೀಲಗಟ್ಟಲೆ ಕಡಲುಪ್ಪು ಕರಗಿಸಿ, ಕಲ್ಲು ಜೋಡಿಸಿ, ಆಮೇಲೆ ಕಾಯಬೇಕು. ಹೆಪ್ಪು ಹಾಕಿದ ಹಾಲು ಮೊಸರಾಗುವ ತನಕ ಮುಟ್ಟಬಾರದಲ್ಲ, ಹಾಗೆ. ಹೊಸ ಮೀನು ಬಂದರೆ ನೇರವಾಗಿ ಬಿಡುವಂತಿಲ್ಲ, ಬೇರೆ ಟಬ್ಬಿನಲ್ಲಿಟ್ಟು ರೋಗವಿಲ್ಲವೆಂದು ನೋಡಬೇಕು. ಇದೆಲ್ಲ ಖಮರನಿಗೆ ಬಾಯಿಪಾಠ. ಆದರೆ ದಸರೆಗೆ ಗೃಹಪ್ರವೇಶ ಇತ್ತು, ವಕೀಲರ ಫೋನು ನಿಲ್ಲುತ್ತಿರಲಿಲ್ಲ, ತನ್ನ ಕಡಲನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಅವನಿಗೂ ಕಡಿಮೆಯಿರಲಿಲ್ಲ. ಟಬ್ಬಿನ ಕೆಲಸ ಬಿಟ್ಟೇ ಬಿಟ್ಟ.

ಆ ಕಡಲಿಗೆ ಎಲ್ಲರಿಗಿಂತ ಮೊದಲು ಮನಸೋತವರು ವಕೀಲರ ತಾಯಿ ತುಳಸಾಬಾಯಿ. ಭೀಮೆ ಬಿಟ್ಟರೆ ದೊಡ್ಡ ನೀರು ಕಂಡವರಲ್ಲ. ದಿನಾ ಪೂಜೆ ಮುಗಿಸಿ ಗಾಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಕಲ್ಲಿಗೆ ಅಂಟಿಕೊಂಡು ಬೆರಳು ಆಡಿಸುವ ಜೀವವೊಂದಿತ್ತು. ಅದನ್ನು ಅವರು ಕಡಲಹೂವೆಂದೇ ಕರೆದರು. ಖಮರ ಬಂದರೆ ಅವನಿಗೆ ಚಹ ತಪ್ಪುತ್ತಿರಲಿಲ್ಲ.

ಗೃಹಪ್ರವೇಶ ಇನ್ನೇನು ಬಂತು ಅನ್ನುವಾಗ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಎದ್ದವು. ಅದಕ್ಕೆ ತಾಮ್ರದ ಔಷಧ ಬೇಕು. ಮೀನಿಗೆ ಅದು ಮದ್ದು, ಕಡಲಹೂವಿಗೆ ವಿಷ. ಮೀನು ಹಿಡಿದು ಬೇರೆ ನೀರಿಗೆ ಹಾಕಿ ಮದ್ದು ಕೊಡಬೇಕು, ಹಿಡಿಯಬೇಕಾದರೆ ಕಲ್ಲೆಲ್ಲ ಕೀಳಬೇಕು. ಗೋಡೆ ತುಂಬ ಕಟ್ಟಿದ್ದನ್ನು ಹಬ್ಬದ ಹೊತ್ತಿಗೆ ಯಾರು ಕೀಳುತ್ತಾರೆ? ಸ್ವಲ್ಪ ಹಾಕಿದರೆ ಏನಾಗುತ್ತದೆ ಅಂದುಕೊಂಡು ಖಮರ ಬಾಟಲಿಯನ್ನು ದೊಡ್ಡ ತೊಟ್ಟಿಗೇ ಬಗ್ಗಿಸಿದ. ಯಾರಿಗೂ ಹೇಳಲಿಲ್ಲ.

ಮೀನು ಉಳಿದವು. ಕಡಲಹೂ ಬಾಡತೊಡಗಿತು. ಅದನ್ನು ನೋಡಲಾರದೆ ತುಳಸಾಬಾಯಿ ದೇವರ ಜಗಲಿಯ ಮೇಲಿದ್ದ ಹಳೆಯ ತಾಮ್ರದ ದುಡ್ಡು ತಂದು, ಭೀಮೆಗೆ ಹಾಕುವ ಹಾಗೆ ಹಣೆಗೊತ್ತಿಕೊಂಡು, ‘ಗಂಗವ್ವಾ, ಉಳಸವ್ವಾ’ ಅಂತ ನೀರಿಗೆ ಬಿಟ್ಟರು.

ಗೃಹಪ್ರವೇಶದ ದಿನ ಕಡಲಹೂ ಕರಗಿ ನೀರು ನಾತ ಹೊಡೆಯುತ್ತಿತ್ತು. ಬಳಗವೆಲ್ಲ ನೋಡುತ್ತಿರುವಾಗಲೇ ವಕೀಲರ ಕಣ್ಣಿಗೆ ಮರಳಿನ ಮೇಲಿನ, ತಾಯಿಯ ದೇವರ ಜಗಲಿಯ ದುಡ್ಡು ಬಿತ್ತು.

‘ಖಮರಭಾಯಿ, ತಾಮ್ರದಿಂದ ಹಿಂಗ ಸಾಯ್ತಾವೇನ್ರಿ?’

‘ಹೌದ್ರಿ. ತಾಮ್ರದಿಂದನ’ ಅಂದ ಖಮರ.

ಸುಳ್ಳೇನಲ್ಲ. ಯಾವ ತಾಮ್ರ ಎಂದು ವಕೀಲರು ಕೇಳಲಿಲ್ಲ, ಇವನು ಹೇಳಲಿಲ್ಲ. ‘ಅವ್ವಾ, ನಿನಗ ಬುದ್ಧಿ ಐತಿಲ್ಲೋ? ಕಡಲಹೂವ ಕೊಂದಿಟ್ಟಿ ನೋಡು!’ ಎಂದು ಗುರುರಾಜ ಮಂದಿಯ ಮುಂದೆ ಕೂಗಾಡಿದರು. ತುಳಸಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ ಅನ್ನುತ್ತಾರೆ. ಇಲ್ಲಿ ಸಿಪ್ಪೆಯನ್ನೂ ತಿನ್ನದವರು ಸಿಕ್ಕಿಬಿದ್ದಿದ್ದರು, ಹಣ್ಣು ತಿಂದವನು ಕೈಯಲ್ಲಿ ಬಲೆ ಹಿಡಿದು ಅಲ್ಲೇ ನಿಂತಿದ್ದ.

ಆಮೇಲೆ ಖಮರ ನೀರು ಚೆಲ್ಲಿ, ವಿಷ ಹೀರಿದ ಕಲ್ಲು ತೆಗೆದು, ಕಡಲನ್ನು ಮತ್ತೆ ಮೊದಲಿನಿಂದ ಕಟ್ಟಿದ. ಈ ಸಲ ಟಬ್ಬೂ ಇತ್ತು, ಕಾಯುವುದೂ ಇತ್ತು. ಕೂಲಿ ಬೇಡ ಅಂದ. ಎಂಥ ದೊಡ್ಡ ಮನಸ್ಸು ಅಂತ ವಕೀಲರು ಕಂಡಕಂಡವರಿಗೆ ಹೊಗಳಿದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಖಮರನಿಗೆ ತನ್ನ ಮೇಲೇ ಅಸಹ್ಯ ಹುಟ್ಟುತ್ತಿತ್ತು. ತುಳಸಾಬಾಯಿ ಗಾಜಿನ ಹತ್ತಿರ ಸುಳಿಯುತ್ತಿರಲಿಲ್ಲ. ಆದರೂ ಅಡುಗೆಮನೆಯಿಂದ ಚಹ ಬರುತ್ತಿತ್ತು. ಇವತ್ತು ಹೇಳುತ್ತೇನೆ ಎಂದು ಕಪ್ಪು ಎತ್ತುವನು, ನಾಳೆ ಹೇಳಿದರಾಯಿತು ಎಂದು ಕಪ್ಪು ಇಡುವನು. ಮನೆಯಲ್ಲಿ ಜಸ್ಮೀನ ‘ಯಾಕ, ಊಟ ಸೇರವಲ್ದೇನು?’ ಅಂದರೆ ತಾಟು ಸರಿಸಿ ಏಳುವನು.

ಸಂಕ್ರಾಂತಿ ಕಳೆದ ಮೇಲೆ ಹೊಸ ಕಡಲಹೂ ಮುಂಬೈಯಿಂದ ರೈಲಿನಲ್ಲಿ ಕಲಬುರಗಿಗೆ ಬಂತು. ತರಲು ವಕೀಲರು ತಮ್ಮ ಕಾರಿನಲ್ಲಿ ಖಮರನನ್ನು ಕೂರಿಸಿಕೊಂಡು ಹೊರಟರು. ಡಾಕ್ಟರಿಗೆ ಕಣ್ಣು ತೋರಿಸಲು ತುಳಸಾಬಾಯಿಯೂ ಹಿಂದೆ ಕೂತಿದ್ದರು, ಪಕ್ಕದಲ್ಲಿ ಸೊಸೆ ಅನುರಾಧಾ. ಭೀಮೆಯ ಸೇತುವೆ ಬಂತು. ಅನುರಾಧಾ ರೂಢಿಯ ಪ್ರಕಾರ ಕಿಟಕಿ ಇಳಿಸಿ, ‘ತಗೋರಿ ಅತ್ತಿ’ ಎಂದು ಹೊಳೆಗೆ ಹಾಕಲು ಒಂದು ರೂಪಾಯಿ ಮುಂದೆ ಹಿಡಿದಳು.

ತುಳಸಾಬಾಯಿ ಕೈ ಸೆರಗಿನೊಳಗೆ ಎಳೆದುಕೊಂಡರು. ‘ಬ್ಯಾಡವ್ವಾ. ನನ್ನ ಕೈ ಛಲೋ ಇಲ್ಲ. ಒಳಗ ಮೀನ ಇರ್ತಾವ, ಸಾಯ್ತಾವ.’

ಮುಂದೆ ಕೂತಿದ್ದ ಖಮರ ಹಿಂದಕ್ಕೆ ತಿರುಗಿದ. ಹುಟ್ಟಿದಾಗಿನಿಂದ ಕೈಮುಗಿದ ಹೊಳೆಗೇ ಈ ಮುದುಕಿ ಹೆದರುವಂತೆ ಮಾಡಿದವನು ತಾನು!

‘ಅವ್ವಾರ, ನಿಮ್ಮ ದುಡ್ಡಿಂದ ಏನೂ ಸತ್ತಿಲ್ರಿ’ ಅಂದ. ‘ಅದಕ್ಕೂ ಮೊದಲ ನಾ ತಾಮ್ರದ ಔಷಧ ಸುರುವಿದ್ದೆ. ಕಲ್ಲು ಕೀಳೂ ಬ್ಯಾಸರಕ್ಕ. ಕೊಂದಾಂವ ನಾನರಿ.’

ಸೇತುವೆ ದಾಟಿ ವಕೀಲರು ಕಾರು ಬದಿಗೆ ನಿಲ್ಲಿಸಿದರು. ಏನೋ ಹೇಳಲು ಬಾಯಿ ತೆರೆದವರು ತಾಯಿಯ ಮುಖ ನೋಡಿ ತಲೆ ತಗ್ಗಿಸಿದರು. ಬೈದ ನಾಲಿಗೆ ಅವರದೇ ಅಲ್ಲವೇ.

ತುಳಸಾಬಾಯಿ ಖಮರನ ಸೀಟಿನ ಕಡೆ ಬಾಗಿದರು.

‘ದಿನಾ ಚಾ ಕೊಟ್ಟೆನಲ್ಲೋ ತಮ್ಮಾ. ಒಂದು ದಿನರ ಹೇಳಬೇಕು ಅನಸಲಿಲ್ಲೇನು ನಿನಗ?’

‘ದಿನಾ ಅನಸ್ತಿತ್ರಿ, ಅವ್ವಾರ.’

ಇಲ್ಲ ಅಂದಿದ್ದರೇ ಅವರಿಗೆ ಕಡಿಮೆ ನೋವಾಗುತ್ತಿತ್ತೇನೋ. ತುಳಸಾಬಾಯಿ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡರು.