ಕ್ಯಾಬಿನಮ್ಮ ಒಪ್ಪಿರಲಿಲ್ಲ

ಆ ಕಾಗದದ ಕೊನೆಯಲ್ಲಿ ಪೂರ್ತಿ ಹೆಸರು ಬರೆದಿದ್ದೆನೋ, ಬರೀ ಸಹಿ ಗೀಚಿದ್ದೆನೋ? ಎಷ್ಟು ತಲೆ ಕೆರೆದುಕೊಂಡರೂ ಸೊಸೆಗೆ ನೆನಪಾಗಲಿಲ್ಲ. ಬಟ್ಟೆ ಹಿಂಡುವಾಗಲೂ ಅದೇ, ಮಗಳ ಮೂಗು ಒರೆಸುವಾಗಲೂ ಅದೇ. ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ, ಬೇಡವೆಂದರೂ ನಾಲಗೆ ಅಲ್ಲಿಗೇ ಹೋಗುತ್ತಿತ್ತು.

ಕಾಗದ ಬರೆದು ಮೂರು ತಿಂಗಳಾಗಿತ್ತು. ಮಗಳು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಇಟ್ಟ ವಾರವೇ ಅದನ್ನು ಬರೆದದ್ದು. ಬೇರೆ ತಾಯಂದಿರಾದರೆ ಆ ನಾಲ್ಕು ಹೆಜ್ಜೆಗೆ ಚಪ್ಪಾಳೆ ತಟ್ಟುತ್ತಾರೆ. ಇವಳು ಐದನೆಯದು ಎಲ್ಲಿ ಬೀಳುತ್ತದೆಂದು ಯೋಚಿಸಿದಳು. ಹಿತ್ತಲಿನ ಆಚೆಗೆ ಹಳೆಯ ಸಿಗ್ನಲ್ ಕ್ಯಾಬಿನ್ನು. ಅದಕ್ಕೆ ಹದಿನೆಂಟು ಮರದ ಮೆಟ್ಟಿಲು, ಅವುಗಳಲ್ಲಿ ಮೂರು ಮುರಿದಿದ್ದವು. ಮಗು ಮಲಗಿದ ಹೊತ್ತು ನೋಡಿ, ಮನೆಯಲ್ಲಿ ಯಾರಿಗೂ ಹೇಳದೆ, ರೈಲ್ವೆ ಕಚೇರಿಗೆ ಬರೆದುಬಿಟ್ಟಳು: ಮೆಟ್ಟಿಲುಗಳಿಂದ ಚಿಕ್ಕ ಮಕ್ಕಳಿಗೆ ಅಪಾಯವಿದೆ, ತಕ್ಷಣ ಸೂಕ್ತ ಕ್ರಮ ಕೈಗೊಳ್ಳಬೇಕು. ಅವಳ ಮನಸ್ಸಿನಲ್ಲಿದ್ದದ್ದು ಮೆಟ್ಟಿಲ ಬುಡಕ್ಕೊಂದು ಅಡ್ಡಬಾಗಿಲು, ಅಷ್ಟೆ. ಆದರೆ ಪಟ್ಟಣದ ಶಾಲೆಯಲ್ಲಿ ಕಲಿತ ಕೈ, 'ಅಡ್ಡಬಾಗಿಲು' ಎಂದು ಬರೆಯಲು ನಾಚಿ 'ಸೂಕ್ತ ಕ್ರಮ' ಎಂದು ಬರೆಯಿತು.

ಮಂಗಳವಾರ ಮಧ್ಯಾಹ್ನದ ಮೇಲೆ ಸೂಕ್ತ ಕ್ರಮ ಬಂತು. ಕ್ಯಾಬಿನ್ನಿನ ಗೋಡೆಗೆ ಯಾರೋ ಒಂದು ನೋಟಿಸು ಅಂಟಿಸಿ ಹೋಗಿದ್ದರು. 'ನಿವಾಸಿಯೊಬ್ಬರ ದೂರಿನ ಮೇರೆಗೆ, ಕ್ಯಾಬಿನ್ನಿನ ಕೊನೆಯ ಕೆಲಸಗಾರರ ಒಪ್ಪಿಗೆ ಪಡೆದು, ಸದರಿ ಕಟ್ಟಡವನ್ನು ಗುರುವಾರ ತೆರವುಗೊಳಿಸಲಾಗುವುದು.'

ಕೊನೆಯ ಕೆಲಸಗಾರರು ಅಂದರೆ ಅವಳ ಅತ್ತೆ. ಊರಿಗೆಲ್ಲ ಕ್ಯಾಬಿನಮ್ಮ.

ಈ ಊರು ಹುಟ್ಟಿದ್ದೇ ರೈಲಿನ ಬಾಯಾರಿಕೆಯಿಂದ. ಇಂಜಿನ್ನಿಗೆ ನೀರು ಕುಡಿಸಲು ಒಂದು ತೊಟ್ಟಿ ಕಟ್ಟಿದರು. ತೊಟ್ಟಿ ಕಾಯಲು ಒಬ್ಬ ಬಂದ. ಅವನಿಗೆ ಅಂಗಡಿ ಬೇಕಾಯಿತು, ಅಂಗಡಿಯವನಿಗೆ ಗಿರಾಕಿ ಬೇಕಾಯಿತು, ಗಿರಾಕಿಗೆ ಜಗಳವಾಡಲು ನೆರೆಮನೆ ಬೇಕಾಯಿತು, ಊರಾಯಿತು. ಇಂದಿಗೂ ಯಾವ ಮನೆ ಹೊಕ್ಕರೂ ರೈಲಿನದೊಂದು ತುಂಡು ಕಣ್ಣಿಗೆ ಬೀಳುತ್ತದೆ. ಬಾಗಿಲ ಮೇಲಿನ ತೊಲೆ ಹಳಿಯ ಕೆಳಗಿದ್ದ ಮರ. ಶಾಲೆಯ ಗಂಟೆ ಒಂದು ಮೊಳ ಹಳಿ.

ಕ್ಯಾಬಿನಮ್ಮ ಆ ಕ್ಯಾಬಿನ್ನಿನ ಮೆಟ್ಟಿಲು ಮೊದಲು ಹತ್ತಿದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ದೀಪದ ಗಾಜು ಒರೆಸುವ ಕೆಲಸಕ್ಕೆ. ಮೇಲೆ ಸುತ್ತ ಕಿಟಕಿಗಳ ಉದ್ದನೆಯ ಕೋಣೆ. ಸಾಲಾಗಿ ನಿಂತ ಹನ್ನೆರಡು ಕಬ್ಬಿಣದ ಲಿವರುಗಳು, ಒಂದೊಂದೂ ಎದೆಯೆತ್ತರ. ಕೆಂಪು ಬಳಿದವು ಸಿಗ್ನಲ್ಲಿಗೆ, ಕಪ್ಪು ಬಳಿದವು ರೈಲು ಹಳಿ ಬದಲಿಸುವ ಪಾಯಿಂಟಿಗೆ. ಒಂದು ದಿನ ಲಿವರು ಎಳೆಯುವವನಿಗೆ ಜ್ವರ ಬಂತು. ಗಾಜು ಒರೆಸುವ ಹೆಂಗಸು, "ನಾನು ಎಳೀತೀನಿ" ಅಂದಳು.

"ಇದು ಬಾವಿ ಹಗ್ಗ ಅಲ್ಲ ತಾಯೀ," ಎಂದರು ಸ್ಟೇಷನ್ ಮಾಸ್ತರು.

"ಗೊತ್ತು ಸಾರ್. ಬಾವಿ ಹಗ್ಗ ಆಗಿದ್ರೆ ನೀರಾದ್ರೂ ಸಿಗ್ತಿತ್ತು."

ಏಳನೆಯ ಲಿವರು ಮಹಾ ಹಟಮಾರಿ. ಮೂರು ಸಲ ಎಳೆದರೂ ಜಗ್ಗಲಿಲ್ಲ. ನಾಲ್ಕನೆಯ ಸಲ ಆಕೆ ಒಂದು ಕಾಲನ್ನು ಚೌಕಟ್ಟಿಗೆ ಒತ್ತಿ, ಕುರ್ಚಿಯಲ್ಲಿ ಕೂರುವವಳ ಹಾಗೆ ಹಿಂದಕ್ಕೆ ಬಿದ್ದಳು. ದೂರದಲ್ಲಿ ಹಳಿ ಸರಿದು ಕೂತ ಸದ್ದು ಕೇಳಿಸಿತು. "ತೋಳಲ್ಲಿ ಎಳೆಯೋರು ವರ್ಷ ಎಳೀತಾರೆ, ಸೊಂಟದಲ್ಲಿ ಎಳೆಯೋರು ಆಯಸ್ಸೆಲ್ಲ ಎಳೀತಾರೆ" ಎಂಬುದು ಆಮೇಲೆ ಆಕೆಯ ಗಾದೆಯೇ ಆಯಿತು. ಮೂವತ್ತೊಂದು ವರ್ಷ ಎಳೆದರು. ಬೆವರಿಗೆ ತುಕ್ಕು ಹಿಡಿಯುತ್ತದೆಂದು ಒಂದು ದಿನವೂ ಬರಿಗೈಯಲ್ಲಿ ಲಿವರು ಮುಟ್ಟಲಿಲ್ಲ. ಕೈಯಲ್ಲಿ ಸದಾ ಒಂದು ಬಟ್ಟೆ. ಬಿಸಿಲೇರಿದರೆ ಸಿಗ್ನಲ್ಲಿನ ತಂತಿ ಹಿಗ್ಗಿ ಸಡಿಲವಾಗುತ್ತದೆಂದು ಮಧ್ಯಾಹ್ನಕ್ಕೆ ಮೊದಲೇ ಬಿಗಿ ಮಾಡುತ್ತಿದ್ದರು. ಮಗ ಹುಟ್ಟಿದ ಮೇಲೆ ಅವನನ್ನೂ ಅಲ್ಲೇ, ಮೇಜಿನ ಕಾಲಿಗೆ ಉದ್ದನೆಯ ಬಟ್ಟೆಯಲ್ಲಿ ಕಟ್ಟಿಕೊಂಡು ಸಾಕಿದರು. ಈ ಸಂಗತಿ ಕೇಳಿದಾಗಲೆಲ್ಲ ಸೊಸೆ ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. ಆ ಮಗ, ಅಂದರೆ ಅವಳ ಗಂಡ, ಈಗ ಹಳಿ ರಿಪೇರಿಯ ಗ್ಯಾಂಗಿನಲ್ಲಿ ವಾರಕ್ಕೆ ನಾಲ್ಕು ದಿನ ಊರಾಚೆಗೇ ಇರುತ್ತಾನೆ. ಗಟ್ಟಿಮುಟ್ಟಾಗಿಯೇ ಇದ್ದಾನೆ ಅನ್ನುವುದು ಬೇರೆ ಮಾತು.

ಸಿಗ್ನಲ್ಲುಗಳಿಗೆ ವಿದ್ಯುತ್ತು ಬಂದು ಕ್ಯಾಬಿನ್ ಮುಚ್ಚಿದ ಮೇಲೂ ಬೀಗದ ಕೈ ಅತ್ತೆಯ ಹತ್ತಿರವೇ ಉಳಿಯಿತು. ಕೇಳುವವರು ಬರಲಿಲ್ಲ, ಇವರು ಕೊಡಲೂ ಹೋಗಲಿಲ್ಲ. ಹೋದ ವರ್ಷ ಬಡಗಿ ಮಾವನ ಜೊತೆ ಕೂತು ಒಂದು ತೀರ್ಮಾನ ಮಾಡಿದರು. ಬಡಗಿ ಮಾವ ನೆರೆಮನೆಯವರು, ನೆಂಟರಲ್ಲದಿದ್ದರೂ ಎಲ್ಲರಿಗೂ ಮಾವ. ಊರಿನ ರೈಲು ಸಾಮಾನೆಲ್ಲ ಕ್ಯಾಬಿನ್ನಿಗೆ ತಂದಿಡಬೇಕು, ಮುಂದಿನವರು ನೋಡಬೇಕು. ಜನ ಒಬ್ಬೊಬ್ಬರೇ ಬಂದರು. ಒಬ್ಬರು ಗಿಡ ನೆಟ್ಟಿದ್ದ ಸಿಗ್ನಲ್ ದೀಪ ತಂದರು. ಇನ್ನೊಬ್ಬರು ಬಟ್ಟೆ ಒಣಗಿಸುತ್ತಿದ್ದ ತಂತಿ.

"ಇಷ್ಟೆಲ್ಲ ನಿಮ್ಮೂರೋರ ಮನೆಗಳಿಗೆ ಹೇಗ್ ಬಂತು?" ಎಂದು ಸೊಸೆ ಬಡಗಿ ಮಾವನನ್ನು ಕೇಳಿದ್ದಳು.

"ಕದ್ದಿದ್ದಲ್ಲಮ್ಮ. ರೈಲ್ವೆಯವರು ಮರೆತಿದ್ರು, ನಾವು ಜ್ಞಾಪಕ ಇಟ್ಕೊಂಡಿದ್ವಿ."

ಅಂಥ ಕ್ಯಾಬಿನ್ನನ್ನು ಕೆಡವಲು ಅತ್ತೆ ಒಪ್ಪಿದರೇ? ನೋಟಿಸಿನ ಎದುರು ನಿಂತು ಬಡಗಿ ಮಾವ ಕೇಳಿಯೇಬಿಟ್ಟರು.

"ನಾನೆಲ್ಲಿ ಒಪ್ದೆ? ನನ್ನ ಬಾಯಿ ಬಿದ್ದು ಹೋಗಿತ್ತಾ?"

"ಹೋದ ವಾರ ಕಚೇರಿಯೋನು ಬಂದಿದ್ನಲ್ಲ, ಏನಂದ?"

"'ಕ್ಯಾಬಿನ್ ಗುರುವಾರ ತೆಗೀತೀವಿ' ಅಂದ."

"ನೀವೇನಂದ್ರಿ?"

"'ಕ್ಯಾಬಿನ್ ಗುರುವಾರ ತೆಗೀತೀರಿ' ಅಂದೆ."

ಬಡಗಿ ಮಾವ ಹಣೆ ಚಚ್ಚಿಕೊಂಡರು. ಸೊಸೆಗೆ ತಕ್ಷಣ ಹೊಳೆಯಿತು. ಈ ಚಾಳಿಯ ಏಟು ಮೊದಲು ತಿಂದವಳೇ ಅವಳು. ಮದುವೆಯಾದ ಹೊಸತರಲ್ಲಿ, "ಅತ್ತೆ, ಸಂಜೆ ಹಾಲು ತರ್ಬೇಕು" ಅಂದರೆ, "ಸಂಜೆ ಹಾಲು ತರ್ಬೇಕು" ಅನ್ನುತ್ತಿದ್ದರು. ಸಂಜೆಯಾದರೂ ಹಾಲಿಲ್ಲ. ಅಣಕಿಸುತ್ತಿದ್ದಾರೆಂದು ಅವಳು ಆರು ತಿಂಗಳು ಬಚ್ಚಲಲ್ಲಿ ಅತ್ತಿದ್ದುಂಟು. ಕೊನೆಗೆ ಗಂಡ ಬಿಡಿಸಿ ಹೇಳಿದ್ದ. ಮುಂದಿನ ಸ್ಟೇಷನ್ನಿನಿಂದ ಫೋನಿನಲ್ಲಿ ಏನು ಹೇಳಿದರೂ ಕ್ಯಾಬಿನ್ನಿನವರು ಅದನ್ನೇ ತಿರುಗಿ ಹೇಳಬೇಕು. ಹಾಗೆಂದರೆ ಸರಿಯಾಗಿ ಕೇಳಿಸಿತು ಎಂದರ್ಥ. ಒಪ್ಪಿಗೆ ಬೇರೆ. ಒಪ್ಪಿದರೆ ಪಟ್ಟಿಯಲ್ಲಿರುವ ಒಂದು ಗುಟ್ಟಿನ ನಂಬರು ಹೇಳಬೇಕು; ನಂಬರಿಲ್ಲದೆ ರೈಲು ಒಂದು ಗಾಲಿಯೂ ಉರುಳುವಂತಿಲ್ಲ. ಅಮ್ಮನಿಗೆ ಅದು ರಕ್ತಕ್ಕೆ ಇಳಿದುಬಿಟ್ಟಿದೆ. ಇವಳನ್ನು ಮದುವೆಯಾಗುತ್ತೇನೆಂದು ಅವನು ಹೇಳಿದಾಗಲೂ, "ಪಟ್ಟಣದ ಹುಡುಗೀನ ಮದುವೆ ಆಗ್ತೀಯ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದರಂತೆ. ಮೂರು ದಿನ ಬಿಟ್ಟು ಬಂದು "ಅರವತ್ನಾಲ್ಕು" ಅಂದರಂತೆ.

ಅತ್ತೆ ಅಲ್ಲೇ ನಿಂತು ಕಚೇರಿಗೆ ಫೋನು ಹಚ್ಚಿದರು. ಜೋರಾಗಿ ಕೇಳಿಸುವಂತೆ ಸೊಸೆ ಸ್ಪೀಕರು ಒತ್ತಿಕೊಟ್ಟಳು.

"ನೀವು ಒಪ್ಪಿದ್ದೀರಿ ಅಂತ ಇಲ್ಲಿ ಬರೆದಿದೆಯಲ್ಲಮ್ಮ," ಎಂದ ಗುಮಾಸ್ತ.

"ನಾನು ನಂಬರ್ ಕೊಟ್ಟಿಲ್ಲ."

"ನಿಮ್ಮ ನಂಬರ್ ಇಲ್ಲಿ ಕಾಣ್ತಿದೆ ಬಿಡಿ."

"ಅಯ್ಯೋ, ಫೋನ್ ನಂಬರ್ ಅಲ್ವೋ ಮಾರಾಯ! ಒಪ್ಪಿಗೆ ನಂಬರು! ಅದಿಲ್ದೆ ನೀವು ಕೈ ಹಚ್ಚಲ್ಲ ಅಂತ ನಾನು ಸುಮ್ನಿದ್ದೆ!"

ಗುಮಾಸ್ತನಿಗೆ ಅರ್ಥವಾಗಲಿಲ್ಲ. ಆದರೂ ಒಳ್ಳೆಯವನು. ಒಪ್ಪಿಗೆ ಇರಲಿ ಬಿಡಲಿ, ಇದಕ್ಕೆಲ್ಲ ಬೇರು ಆ ದೂರು ಎಂದು ತಿಳಿಸಿದ. ದೂರು ಕೊಟ್ಟವರೇ ಇವತ್ತು ಐದು ಗಂಟೆಯೊಳಗೆ ಹಿಂದಕ್ಕೆ ತೆಗೆದುಕೊಂಡರೆ ಕೆಲಸ ನಿಲ್ಲುತ್ತದೆ. ಗುರುವಾರದ ಕೆಲಸಕ್ಕೆ ನಾಳೆ ಬೆಳಿಗ್ಗೆಯೇ ಯಂತ್ರ ಹೊರಡುತ್ತದೆ, ಹೊರಟರೆ ತನ್ನ ಕೈಯಲ್ಲಿಲ್ಲ.

"ಯಾರಪ್ಪ ದೂರು ಕೊಟ್ಟಿದ್ದು?"

"ಅದನ್ನ ಹೇಳೋ ಹಾಗಿಲ್ಲಮ್ಮ."

ಫೋನು ಇಟ್ಟ ಅತ್ತೆ ಊರನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದರು. "ಆ ಟೇಲರೇ. ಕಿಟಕಿಗೆ ಬೆಳಕು ಬರಲ್ಲ, ಕ್ಯಾಬಿನ್ ಅಡ್ಡ ಅಂತ ವರ್ಷಪೂರ್ತಿ ಗೊಣಗ್ತಾನೆ. ಕತ್ತರಿ ಹಿಡಿದೋನಿಗೆ ಕತ್ತರಿಸೋದು ಬಿಟ್ಟು ಇನ್ನೇನು ಗೊತ್ತು? ಇವತ್ತು ಅವನ ಹೊಲಿಗೆ ನಾನು ಬಿಚ್ತೀನಿ."

"ಸಾಕ್ಷಿ ಇಲ್ದೆ ಬೇಡ ತಾಯಿ," ಎಂದರು ಬಡಗಿ ಮಾವ. ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದರು.

ಸೊಸೆ ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿದಳು. ಪಾಪದ ಟೇಲರು, ಹೋದ ತಿಂಗಳಷ್ಟೇ ಮಗುವಿಗೆ ಚಿಂದಿಯಲ್ಲಿ ಟೊಪ್ಪಿಗೆ ಹೊಲಿದುಕೊಟ್ಟಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಕ್ಯಾಬಿನ್ ಹೋಗುತ್ತದೆ, ಮೆಟ್ಟಿಲೂ ಹೋಗುತ್ತದೆ, ಅವಳ ಭಯವೂ ಹೋಗುತ್ತದೆ. ಅಷ್ಟೇ ತಾನೇ ಬೇಕಾಗಿದ್ದದ್ದು? ಆದರೆ ಮೇಲೆ ಆ ಏಳನೆಯ ಲಿವರಿನ ಎದುರಿಗೆ ನೆಲದ ಹಲಗೆ ಬಟ್ಟಲಿನ ಹಾಗೆ ಸವೆದಿತ್ತು. ಮೂವತ್ತೊಂದು ವರ್ಷ ಒಬ್ಬಳೇ ಹೆಂಗಸಿನ ಹಿಮ್ಮಡಿ ನಿಂತು ಸವೆದ ಜಾಗ. ಅದನ್ನು ತನ್ನ ಒಂದು ಕಾಗದ ಅಳಿಸಬಾರದು.

"ಅತ್ತೆ, ಟೇಲರ್ ಅಲ್ಲ. ದೂರು ಬರೆದೋಳು ನಾನು."

ಅತ್ತೆ ತಿರುಗಿದರು. "ದೂರು ಬರೆದೋಳು ನೀನು," ಅಂದರು.

ಈ ಸಲ ಆ ಮಾತು ತಿರುಗಿ ಬಂದದ್ದು ಕಪಾಳಕ್ಕೆ ಹೊಡೆದ ಹಾಗಿತ್ತು. ಸೊಸೆ ತಡವರಿಸಿದಳು. "ಮಗು ಹತ್ತಿ ಬೀಳುತ್ತೆ ಅಂತ... ಒಂದು ಅಡ್ಡಬಾಗಿಲು ಹಾಕ್ತಾರೆ ಅಂದ್ಕೊಂಡೆ. ಕೆಡವ್ತಾರೆ ಅಂತ ಗೊತ್ತಿರ್ಲಿಲ್ಲ."

"ಮೆಟ್ಲು ಮುರಿದಿರೋದು ನಿಜ ತಾನೆ?"

"ನಿಜ."

"ಹಾಗಾದ್ರೆ ಬರೆದದ್ದು ತಪ್ಪಲ್ಲ. ಪಕ್ಕದ ಕೋಣೇಲಿ ನಾನಿದ್ದೆ, ಊರಾಚೆ ಕಚೇರಿಗೆ ಬರೆದೆಯಲ್ಲ, ಅದು ತಪ್ಪು." ಅತ್ತೆ ಚಪ್ಪಲಿ ಬಿಟ್ಟು ಕೆಳಗಿನ ಮೆಟ್ಟಿಲ ಮೇಲೆ ಕೂತರು. "ನನ್ನ ಮಗನ್ನ ಮೇಜಿಗೆ ಕಟ್ಟಿ ಹಾಕಿ ಸಾಕಿದೋಳು ನಾನು. ನನಗೆ ಭಯ ಇರ್ಲಿಲ್ಲ ಅಂದ್ಕೊಂಡ್ಯಾ? ಕೇಳಿದ್ರೆ ಹೇಳ್ತಿದ್ದೆ."

"ಮೂರು ಮೆಟ್ಲು ತಾನೆ?" ಎಂದರು ಬಡಗಿ ಮಾವ, ಅಳತೆಪಟ್ಟಿ ಬಿಚ್ಚುತ್ತ. "ನಿಮ್ಮಿಬ್ಬರ ಜಗಳ ಮುಗಿಯೋದ್ರೊಳಗೆ ಕೂರಿಸ್ತೀನಿ. ಫೋನ್ ಮಾತ್ರ ನನ್ನ ಕೈಲಾಗಲ್ಲ."

ಅದು ದೂರು ಕೊಟ್ಟವಳಲ್ಲದೆ ಇನ್ನಾರ ಕೈಲೂ ಆಗುವ ಕೆಲಸವಾಗಿರಲಿಲ್ಲ. ಗಂಟೆ ನಾಲ್ಕು ದಾಟಿತ್ತು. ಸೊಸೆಗೆ ಫೋನೆಂದರೆ ಮೊದಲಿನಿಂದಲೂ ಅಳುಕು. ಡಾಕ್ಟರಿಗೆ ಫೋನು ಮಾಡುವುದಿದ್ದರೂ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುವವಳು. ಈಗಲೂ ಪೆನ್ನಿಗಾಗಿ ಒಳಗೆ ಹೋದಳು. ಎರಡು ಸಾಲು ಬರೆದಳು. 'ಸದರಿ' ಎಂಬ ಪದ ಕಣ್ಣಿಗೆ ಬಿತ್ತು. ಚೀಟಿಯನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಹೊರಗೆ ಬಂದು, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ನಂಬರು ಒತ್ತಿದಳು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಅದೇ ಗುಮಾಸ್ತ.

"ಸರ್, ಸಿಗ್ನಲ್ ಕ್ಯಾಬಿನ್ ಬಗ್ಗೆ. ದೂರು ಕೊಟ್ಟಿದ್ದು ನಾನು. ಅದನ್ನ ವಾಪಸ್ ತಗೋತೀನಿ."

"ನೀವೇ ಕೊಟ್ಟಿದ್ದು ಅಂತ ಏನು ಗ್ಯಾರಂಟಿ?"

"ಕಾಗದ ತೆಗೆದು ನೋಡಿ ಸರ್. ಎರಡನೇ ಸಾಲಲ್ಲಿ 'ಅಪಾಯ' ಬರೆಯೋವಾಗ ಒಂದು ಅಕ್ಷರ ಬಿಟ್ಟು ಮೇಲೆ ಸೇರಿಸಿದ್ದೀನಿ. ಅಷ್ಟೊತ್ತಿಗೆ ಮಗು ಎದ್ದುಬಿಡ್ತು."

ಆ ಕಡೆ ಹಾಳೆ ಮಗುಚುವ ಸದ್ದು. "ಹೌದು, ಇದೆ. ಕೆಳಗೆ ಬರೀ ಸಹಿ, ಹೆಸರಿಲ್ಲ, ಅದಕ್ಕೇ ಕೇಳ್ದೆ. ಆದ್ರೆ ನೋಡಿ ಮೇಡಂ, ಈಗ ವಾಪಸ್ ತಗೊಂಡು ನಾಳೆ ಮಗು ಬಿತ್ತು ಅಂತ ಮತ್ತೆ ಬರೀಬಾರ್ದು."

"ಮೆಟ್ಟಿಲು ಇವತ್ತೇ ಸರಿಯಾಗುತ್ತೆ, ನಾವೇ ಮಾಡಿಸ್ತಿದ್ದೀವಿ. ನೀವು ಕೆಡವೋದನ್ನ ನಿಲ್ಲಿಸಿ, ಸಾಕು. ಕ್ಯಾಬಿನ್ ನಮ್ಮ ಊರಿಗೆ ಬೇಕು. ನಮ್ಮತ್ತೆ ಒಪ್ಪಿಲ್ಲ ಅನ್ನೋದನ್ನೂ ಬರ್ಕೊಳ್ಳಿ."

"ಸಾಹೇಬ್ರನ್ನ ಕೇಳ್ಬೇಕು. ಹೊತ್ತಾಗುತ್ತೆ. ಫೋನ್ ಇಡಿ, ನಾನೇ ಆಮೇಲೆ ಮಾಡ್ತೀನಿ."

ಐದಕ್ಕೆ ಇಪ್ಪತ್ತು ನಿಮಿಷ. ಸೊಸೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಇಡಲ್ಲ ಸರ್. ನೀವು ಕೇಳ್ಕೊಂಡು ಬನ್ನಿ. ನಾನು ಇಲ್ಲೇ ಹಿಡ್ಕೊಂಡಿರ್ತೀನಿ."