ಮಕ್ಸೂದನ ಹೆಸರಿನ ಪಕ್ಕದ ಚುಕ್ಕೆ

ಹೊಸದುರ್ಗದ ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಬುಡದಲ್ಲಿ ನಲವತ್ತು ವರ್ಷ ಅರ್ಜಿ ಬರೆದ ಪಂಚಾಕ್ಷರಪ್ಪನವರಿಗೆ ಜನ ಇಟ್ಟ ಹೆಸರು ವಂಶವೃಕ್ಷದ ಅಪ್ಪಾರು. ಮನೆಯ ಹಿರಿಯ ತೀರಿಕೊಂಡು ಹೊಲ-ಮನೆ ಮಕ್ಕಳ ಹೆಸರಿಗೆ ಆಗಬೇಕಾದಾಗ, ಯಾರಿಗೆ ಯಾರು ಹುಟ್ಟಿದರು ಎಂದು ಬರೆದುಕೊಡುತ್ತಿದ್ದವರು ಅವರೇ. ಈಗ ಅದೆಲ್ಲ ಕಂಪ್ಯೂಟರಿಗೆ ಹೋಗಿದೆ. ಆದರೂ ಹಳೆಯ ಕಾಗದ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಜನ ಅವರ ಮನೆಗೇ ಬರುತ್ತಾರೆ.

ಹಾಗೆ ಬಂದವಳು ಶಾಹೀನ್, ಹಿರಿಯೂರಿನ ಶಾಲೆಯೊಂದರ ಟೀಚರು. ಅವಳ ಅಜ್ಜಿ ಅಕ್ತರ್ ಬೀ ಹುಟ್ಟಿದ್ದು ಹೊಸದುರ್ಗದಲ್ಲಿ, ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಗಫಾರ್ ಸಾಬರ ಮನೆಯಲ್ಲಿ. ಅಣ್ಣ ಮಕ್ಸೂದನ ಜೊತೆ ಯಾವುದೋ ಮಾತಿಗೆ ಮುನಿಸಾಗಿ ಹೋಗಿಬರುವುದು ನಿಂತು ನಲವತ್ತು ವರ್ಷವಾಗಿತ್ತು. ಮಕ್ಸೂದ್ ಈಗಿಲ್ಲ. ಎಂಬತ್ತು ದಾಟಿದ ಅಕ್ತರ್ ಬೀಗೆ ಇರುವುದು ಒಂದೇ ಆಸೆ, ತವರಿನ ಹೊಸಿಲು ಒಮ್ಮೆ ತುಳಿಯಬೇಕು. ಮಕ್ಸೂದನ ಮೊಮ್ಮಗ ಅತೀಫನನ್ನು ಕೇಳಲು ಹೋದರೆ ಅವನು, ನಮ್ಮ ಮುತ್ತಜ್ಜನಿಗೆ ಒಬ್ಬನೇ ಮಗ, ನೀವು ಆಸ್ತಿ ಆಸೆಗೆ ಬಂದೋರು ಎಂದು ಹಳೆಯ ವಂಶವೃಕ್ಷದ ಜೆರಾಕ್ಸ್ ತೋರಿಸಿ ಕಳಿಸಿದ್ದ.

ಆ ಜೆರಾಕ್ಸಿನ ಫೋಟೋವನ್ನು ಶಾಹೀನ್ ಫೋನಿನಲ್ಲಿ ತೋರಿಸಿದಾಗ ಪಂಚಾಕ್ಷರಪ್ಪನವರಿಗೆ ಕನ್ನಡಕ ಬೇಕಾಗಲಿಲ್ಲ. ಅಕ್ಷರ ಅವರದೇ. ಅದನ್ನು ಮಾತ್ರ ಅವರು ಹೇಳಲಿಲ್ಲ.

"ಮೊದ್ಲು ಅಜ್ಜಿ ಹೇಳೋದ್ನೆಲ್ಲ ಬರ್ಕೊ ತಾಯಿ. ಓಣಿ, ಪಕ್ಕದ ಮನೆಯೋರ ಹೆಸರು, ಯಾವ್ದೂ ಬಿಡಬ್ಯಾಡ. ಆಮೇಲೆ ಕಾಗದ ಹುಡುಕು. ಸ್ಕೂಲಿಗೆ ಹೋಗಿದ್ರೆ ದಾಖಲಾತಿ ರಿಜಿಸ್ಟರ್‌ನಾಗೆ ಅಪ್ಪನ ಹೆಸರು ಇರ್ತೈತೆ."

ನಿಕಾಹ್ ಆದದ್ದನ್ನು ಬರೆದಿಟ್ಟ ಖಾಜಿಗಳ ಮನೆ, ಜನನ ಮರಣದ ಪುಸ್ತಕ, ಹೆಸರು ಒಂದೊಂದು ಕಡೆ ಒಂದೊಂದು ಥರ ಇರುವುದು, ಹುಟ್ಟಿದ ಇಸವಿ ಎರಡು ಮೂರು ವರ್ಷ ಆಚೀಚೆ ಆಗಿರುವುದು, ಎಲ್ಲ ಹೇಳಿಕೊಟ್ಟರು. ಹೇಳುತ್ತ ಹೋದ ಹಾಗೆ ತಮ್ಮ ಮೇಲೇ ಅಸಹ್ಯವಾಯಿತು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಅವಳನ್ನು ನಾಲ್ಕು ಬಾಗಿಲು ಸುತ್ತಿಸುತ್ತಿದ್ದರು. ಸ್ಕೂಲಿನ ಕಾಗದ ಸಿಕ್ಕಿಬಿಟ್ಟರೆ ತಾವು ಬಾಯಿ ಬಿಡಬೇಕಾಗಿಲ್ಲ ಎಂಬ ಆಸೆ.

ಅವಳು ಹೋದ ಮೇಲೆ ಟ್ರಂಕು ತೆಗೆದರು. ಬರೆದುಕೊಟ್ಟ ಪ್ರತಿ ವಂಶವೃಕ್ಷದ ನಕಲು ಅವರ ನೋಟ್‌ಬುಕ್ಕುಗಳಲ್ಲಿತ್ತು. ಆಗೆಲ್ಲ ಗಂಡುಮಕ್ಕಳನ್ನು ಬರೆದು ಮುಗಿಸಿ, ಹೆಣ್ಣುಮಕ್ಕಳು ಎಂದು ಕೇಳಿದರೆ ಬರುತ್ತಿದ್ದ ಉತ್ತರ ಒಂದೇ, ಕೊಟ್ಟಿದೀವಿ. ಕೊಟ್ಟ ಮೇಲೆ ಆ ಮನೆಯ ಕಾಗದದಲ್ಲಿ ಹೆಸರೇಕೆ? ಎಲ್ಲರೂ ಹಾಗೇ ಬರೆಸುತ್ತಿದ್ದರು, ಇವರೂ ಬರೆಯುತ್ತಿದ್ದರು. ಆದರೆ ಏನೋ ಸಂಕಟಕ್ಕೆ ತಮ್ಮ ನಕಲಿನಲ್ಲಿ ಮಾತ್ರ, ಹೆಸರು ಬಿಟ್ಟ ಹೆಣ್ಣಿಗೊಂದರಂತೆ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತಿದ್ದರು. ಮಕ್ಸೂದನ ಹೆಸರಿನ ಪಕ್ಕ ಒಂದು ಚುಕ್ಕೆ ಇತ್ತು. ಒಬ್ಬಳಿದಾಳೆ, ಹಿರಿಯೂರಿಗೆ ಕೊಟ್ಟಿದೀವಿ, ಬಿಡ್ರಿ ಎಂದಿದ್ದ ಮಕ್ಸೂದ್.

ಹೆಂಡತಿ ಪಾರ್ವತಮ್ಮ ಹಿಂದೆ ನಿಂತು ನೋಡಿದರು. "ಮಂದಿ ಮನೇದು ಯಾಕೆ? ನಿಮ್ಮನೆ ಹಾಳೇಲಿ ನಿಮ್ಮಕ್ಕ ಎಲ್ಲವ್ರೆ ನೋಡ್ರಿ" ಎಂದು ಒಳಗೆ ಹೋದರು. ಅಲ್ಲಿಯೂ ಚುಕ್ಕೆಯೇ ಇತ್ತು.

ಹನ್ನೆರಡು ದಿನದ ಮೇಲೆ ಶಾಹೀನ್ ಉರ್ದು ಶಾಲೆಯ ರಿಜಿಸ್ಟರಿನ ನಕಲು ಹಿಡಿದು ಬಂದಳು. ಅಕ್ತರ್ ಬೀ, ತಂದೆ ಗಫಾರ್ ಸಾಬ್, ಕಲಾಯಿ ಕೆಲಸ. ಆದರೆ ಊರಿಗೆ ಇನ್ನೊಬ್ಬ ಗಫಾರ್ ಇದ್ದಿರಬಹುದು ಎಂದಿದ್ದ ಅತೀಫ್.

"ಈಗ ಅಜ್ಜಿಗೇ ಅನುಮಾನ ಬಂದ್ಬಿಟ್ಟೈತೆ ತಾತ" ಎಂದಳು ಶಾಹೀನ್. "ನಾನು ಆ ಮನೇಲಿ ಹುಟ್ಟಿದ್ದು ನಿಜಾನೇನೆ ಅಂತ ನನ್ನೇ ಕೇಳ್ತಾಳೆ."

ಪಂಚಾಕ್ಷರಪ್ಪ ನೋಟ್‌ಬುಕ್ಕು ಕಂಕುಳಲ್ಲಿಟ್ಟುಕೊಂಡು, ಹೋಗಾಣ ನಡಿ ಎಂದರು. ದಾರಿಯಲ್ಲಿ ಅವಳಿಗೆ ಎಲ್ಲ ಹೇಳಿದರು. ಅವಳು ಹೆಜ್ಜೆ ಜೋರು ಮಾಡಿ ಮುಂದೆ ನಡೆದಳು.

ಅತೀಫ್ ತನ್ನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿದ್ದ.

"ಆ ಕಾಗದ ಬರ್ದೋನು ನಾನೇ ಕಣಪ್ಪ. ನಿಮ್ಮ ತಾತ ತಂಗಿ ಇದಾಳೆ ಅಂತ ಹೇಳಿದ್ರು. ಗೊತ್ತಿದ್ದೂ ಬಿಟ್ಟೆ."

ಅವರು ಬಿಡಿಸಿ ಕೊಟ್ಟ ನೋಟ್‌ಬುಕ್ಕಿನ ಹಾಳೆಯನ್ನು ಅತೀಫ್ ಬೆಳಕಿಗೆ ಹಿಡಿದ. "ಇದು ಬರೀ ಚುಕ್ಕೆ. ಹೆಸರೆಲ್ಲೈತೆ ಅಪ್ಪಾರೆ?"

"ಕೇಳ್ಲಿಲ್ಲಪ್ಪ ನಾನು."

ಅತೀಫ್ ನೋಟ್‌ಬುಕ್ಕು ಮುಚ್ಚಿ ವಾಪಸ್ ಕೊಟ್ಟ. ಆಮೇಲೆ ಶಾಹೀನಳ ಕಡೆ ತಿರುಗಿ, ಅಜ್ಜಿಗೆ ಮೆಟ್ಟಿಲು ಹತ್ತಲು ಆಗುತ್ತದೆಯೇ, ಮನೆ ಮುಂದೆ ಮೂರು ಮೆಟ್ಟಿಲಿವೆ ಎಂದ.

ಭಾನುವಾರ ಅಕ್ತರ್ ಬೀ ಬಂದರು. ಆ ಮೂರು ಮೆಟ್ಟಿಲನ್ನು ಅತೀಫನ ಭುಜ ಹಿಡಿದು ಹತ್ತಿದರು. ಒಳಗೆ ಕೂತ ಮೇಲೆ ಪಂಚಾಕ್ಷರಪ್ಪ ನೋಟ್‌ಬುಕ್ಕು ಬಿಡಿಸಿ ತಪ್ಪೊಪ್ಪಿಕೊಂಡು, ಚುಕ್ಕೆಯ ಪಕ್ಕ ಅವರ ಹೆಸರನ್ನು ಪೆನ್ನಿನಲ್ಲಿ ಬರೆದರು. ಅಕ್ತರ್ ಬೀ ಹಾಳೆಯ ಖಾಲಿ ಭಾಗವನ್ನು ಅಂಗೈಯಿಂದ ಸವರಿದರು.

"ಇಷ್ಟೊಂದು ಜಾಗ ಇತ್ತಲ್ಲಪ್ಪ" ಎಂದರು.

ಮನೆಗೆ ಬಂದು ಪಂಚಾಕ್ಷರಪ್ಪ ತಮ್ಮ ಮನೆಯ ಹಾಳೆಯಲ್ಲಿ ಅಕ್ಕ ಏಕನಾಥಮ್ಮನ ಹೆಸರು ಬರೆದರು. ಆಮೇಲೆ ಪುಟ ತಿರುವಿದರು. ಮತ್ತೋಡಿನ ಒಂದು ಮನೆಗೆ ನಾಲ್ಕು ಚುಕ್ಕೆ, ಅದರ ಮುಂದಿನದಕ್ಕೆ ಎರಡು. ಒಂದರ ಹೆಸರೂ ಅವರಿಗೆ ಗೊತ್ತಿರಲಿಲ್ಲ.