ಬ್ರೆಜಿಲ್ ಜೀಪಿನಲ್ಲಿ ಬಂದ ದಿನ

ಬಣಕಲ್‌ನ ನನ್ನ ಗೋಡೌನಿನಲ್ಲಿ ಮೊನ್ನೆ ತೂಕದ ಯಂತ್ರವನ್ನು ಗೋಡೆಯಿಂದ ಈಚೆಗೆ ಎಳೆಸಿದಾಗ ಅದರ ಹಿಂದಿನಿಂದ ಒಂದು ರಟ್ಟು ಬಿತ್ತು. ಮಧ್ಯಕ್ಕೆ ಮಡಚಿ ಮೇಜಿನ ಮೇಲೆ ನಿಲ್ಲಿಸುವಂಥದ್ದು. ಒಣಗಿದ ಕಾಫಿ ಸಿಪ್ಪೆಯ ಹುಳಿವಾಸನೆ ಅದಕ್ಕೆ ಹಿಡಿದುಬಿಟ್ಟಿತ್ತು. ಧೂಳು ಒರೆಸಿದರೆ ನನ್ನ ಮಗಳ ಕೈಬರಹ, ದಪ್ಪ ಅಕ್ಷರದಲ್ಲಿ: ಬ್ರೆಜಿಲ್.

ನಗಬೇಡಿ. ಈ ರಟ್ಟಿನ ಎದುರು ಕೂತು ನಾನು ಒಂದು ಬೆಳಿಗ್ಗೆಯಿಡೀ ಬೆವರಿದ್ದೇನೆ.

ನಾನು ಕಾಫಿ ಕೊಳ್ಳುವವನು. ಎಸೆಸೆಲ್ಸಿಯನ್ನು ಎರಡು ಸಲ ಬರೆದು, ಇನ್ನೊಬ್ಬರ ಮಂಡಿಯಲ್ಲಿ ಮೂಟೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುವ ಕೆಲಸಕ್ಕೆ ಸೇರಿದವನು. ಬೀಜ ಹಲ್ಲಿನಲ್ಲಿ ಕಚ್ಚಿದರೆ ತೇವ ಎಷ್ಟಿದೆ ಅಂತ ಹೇಳುತ್ತೇನೆ. ಮೀಟರು ಆಮೇಲೆ ಬಂದು ನನ್ನ ಮಾತಿಗೆ ಹೂಂ ಅನ್ನುತ್ತದೆ. ಆದರೆ ನನ್ನ ನಿಜವಾದ ವಿದ್ಯೆ ಇದ್ದದ್ದು ಗೋಡೌನಿನ ಹಿಂದಿನ ಸಣ್ಣ ಕೋಣೆಯಲ್ಲಿ. ಅಲ್ಲಿ ಒಂದು ಮೇಜು, ಎರಡೇ ಕುರ್ಚಿ. ಬೆಳೆಗಾರರನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಅರ್ಧ ಮುಂದೆ ಮಾಡಿ, ದನಿ ಇಳಿಸಿ, "ನಿಮಗೆ ಅಂತ ಈ ರೇಟು. ಹೊರಗೆ ಯಾರ ಹತ್ರಾನೂ ಬಾಯಿ ಬಿಡಬೇಡಿ ಮಾರಾಯ್ರೆ" ಅನ್ನುವುದು. ಅವರು ಬಾಯಿ ಬಿಡುತ್ತಿರಲಿಲ್ಲ. ಪ್ರತಿಯೊಬ್ಬರೂ ತಾವೊಬ್ಬರೇ ಗೆದ್ದೆವು ಅಂದುಕೊಂಡು ಜೀಪು ಹತ್ತುತ್ತಿದ್ದರು. ತೂಕದಲ್ಲಿ ಮೋಸ ಮಾಡಿದವನಲ್ಲ ನಾನು, ಅದನ್ನು ಬಣಕಲ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ. ಆದರೆ ನಮ್ಮ ಮನೆಗೆ ಮಹಡಿ ಬಂದದ್ದು ಮಾತ್ರ ಆ ಎರಡನೇ ಕುರ್ಚಿಯಿಂದಲೇ.

ಮಗಳು ಚೈತ್ರ ಡಿಗ್ರಿ ಮುಗಿಸಿ, ಯೂನಿವರ್ಸಿಟಿಗೆ ಹೋಗಿ ಅಂತರರಾಷ್ಟ್ರೀಯ ಸಂಬಂಧಗಳ ಬಗ್ಗೆ ಎಂ.ಎ. ಓದುತ್ತೇನೆ ಅಂದಾಗ ನಾನು ಬಿಟ್ಟಿ ಸಲಹೆ ಕೊಡದೆ ಇರುತ್ತೇನೆಯೇ?

"ದೇಶ ದೇಶದ ಜಗಳ ಓದೋಕೆ ಎರಡು ವರ್ಷ ಯಾಕಮ್ಮ? ಪಂಚಾಯ್ತಿ ಆಫೀಸಲ್ಲಿ ಒಂದು ವಾರ ಕೂತ್ಕೋ, ಎಲ್ಲಾ ಗೊತ್ತಾಗುತ್ತೆ."

"ಅಪ್ಪ, ನೀವು ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ಫೋನಲ್ಲಿ ಏನು ನೋಡ್ತೀರಿ?"

"ಲಂಡನ್ನಿನ ಕಾಫಿ ರೇಟು."

"ಆಮೇಲೆ?"

"ಬ್ರೆಜಿಲಲ್ಲಿ ಮಳೆ ಆಯ್ತಾ ಅಂತ."

"ನೀವು ಹಲ್ಲುಜ್ಜದೆ ಓದೋದನ್ನ ನಾನು ಹಲ್ಲುಜ್ಜಿ ಕ್ಲಾಸಲ್ಲಿ ಕೂತು ಓದ್ತೀನಿ. ಅಷ್ಟೇ ವ್ಯತ್ಯಾಸ."

ಒಳಗಿಂದ ನನ್ನ ಹೆಂಡತಿ ನಕ್ಕಿದ್ದು ಕೇಳಿಸಿತು. ವ್ಯವಹಾರ ಅಲ್ಲಿಗೆ ಮುಗಿಯಿತು. ಒಂದು ಮಾತು ಹೇಳುತ್ತೇನೆ, ಕೇಳಿ: ಮಕ್ಕಳಿಗೆ ಚೌಕಾಸಿ ಕಲಿಸುವುದಾದರೆ ಅರ್ಧ ಕಲಿಸಿ, ಮಿಕ್ಕ ಅರ್ಧ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ರಜೆಗೆ ಬಂದಾಗಲೆಲ್ಲ ಊಟದ ಹೊತ್ತಿಗೆ ಪಾಠ ಒಪ್ಪಿಸುತ್ತಿದ್ದಳು. ಸಣ್ಣ ದೇಶಗಳು ದೊಡ್ಡ ದೇಶದ ಎದುರು ಹೇಗೆ ಕೂತು ಮಾತಾಡುತ್ತವೆ, ಒಪ್ಪಂದದಲ್ಲಿ ಒಂದು ಶಬ್ದಕ್ಕಾಗಿ ಎಷ್ಟು ದಿನ ಗುದ್ದಾಡುತ್ತಾರೆ, ಇಂಥವು. ನಾನು ಅನ್ನಕ್ಕೆ ಸಾರು ಕಲಸುತ್ತಾ ಹೂಂ ಅನ್ನುತ್ತಿದ್ದೆ. ಅವಳು ಸಾರ್ವಭೌಮತ್ವ ಅಂದರೆ ಏನು ಅಂತ ವಿವರಿಸುತ್ತಿರುವಾಗ ಅವಳಮ್ಮ, "ಅದೇನಿದ್ರೂ ತಟ್ಟೆ ತೊಳೆದಿಟ್ಟು ಹೇಳು" ಅಂದಿದ್ದಳು.

ಎರಡನೇ ವರ್ಷದಲ್ಲಿ ಅವಳಿಗೊಂದು ಪ್ರಾಕ್ಟಿಕಲ್ ಬಂತು. ಕ್ಲಾಸಿನ ಹೊರಗೆ, ಈ ವಿಷಯ ಓದದೇ ಇರುವ ಜನರನ್ನು ಕೂರಿಸಿ ಒಂದು ಅಣಕು ಸಮ್ಮೇಳನ ಮಾಡಿಸಬೇಕು. ಮಧ್ಯಾಹ್ನದ ಊಟದೊಳಗೆ ಎಲ್ಲ ದೇಶಗಳೂ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಸಹಿ ಬೀಳದಿದ್ದರೆ ಅಂಕ ಇಲ್ಲ. ಅವಳ ಲೆಕ್ಚರರ್ ಮೇಡಂ ಖುದ್ದು ಬಂದು ನೋಡುತ್ತಾರೆ.

"ನಮ್ಮ ಕಣದಲ್ಲೇ ಮಾಡ್ಲಾ ಅಪ್ಪ? ಕಾಫಿ ಬೆಳೆಯೋ ದೇಶಗಳು, ಕೊಳ್ಳೋ ದೇಶಗಳು. ಬೆಳೆಯೋ ದೇಶಗಳಿಗೆ ಇಲ್ಲಿನ ಬೆಳೆಗಾರರನ್ನೇ ಕೂರಿಸೋಣ."

ನನ್ನ ತಲೆ ಸುಮ್ಮನೆ ಕೂರುವ ಜಾತಿಯದಲ್ಲ. ಸಮ್ಮೇಳನ ಭಾನುವಾರ ಅಂತಾಯಿತು; ಅದಾದ ಗುರುವಾರ, ಕಾಫಿ ಸುಲಿದು ಹದ ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಒಂದು ಲಾರಿ ಮಾಲು ಕಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅದರಲ್ಲಿ ಅರ್ಧ ಲಾರಿಯಷ್ಟು ಮಾಲು ಇನ್ನೂ ಬೆಳೆಗಾರರ ಮನೆಯಲ್ಲೇ ಇತ್ತು. ಅಂಥ ನಾಲ್ವರನ್ನೇ ಆರಿಸಿ ಕರೆದೆ. ಭಾನುವಾರ ಕಡುಬು ಕೋಳಿಸಾರು ಹಾಕಿದರೆ ಸೋಮವಾರ ಒಳಗಿನ ಕೋಣೆಯಲ್ಲಿ ಮಾತು ಮೆತ್ತಗಾಗುತ್ತದೆ. ಒಂದು ಊಟ, ಎರಡು ಕೆಲಸ. ಎಂಥ ಜಾಣ ನೋಡಿ ನಾನು!

ಭಾನುವಾರ ಕಣದಲ್ಲಿ ಟಾರ್ಪಾಲಿನ ಚಪ್ಪರ, ಉದ್ದ ಮೇಜು, ಬಿಳಿ ಬಟ್ಟೆ. ಒಂದು ಕಡೆ ಕೊಳ್ಳುವ ದೇಶಗಳಾಗಿ ಚೈತ್ರಳ ಸಹಪಾಠಿಗಳು, ಕೋಟು ಹಾಕಿಕೊಂಡು. ಇನ್ನೊಂದು ಕಡೆ ನಮ್ಮವರು. ಎಲ್ಲರಿಗಿಂತ ಹೆಚ್ಚು ತೋಟವಿರುವ ಲಕ್ಷ್ಮಣಗೌಡ್ರು ಬ್ರೆಜಿಲ್. ಎರಡೆಕರೆಯನ್ನು ಒಬ್ಬಳೇ ನಡೆಸುವ ಬಾಳೂರಿನ ಲೀಲಕ್ಕ ಇಥಿಯೋಪಿಯಾ. ಬಾಳೂರಿನವರೇ ಆದ ಅಣ್ಣತಮ್ಮಂದಿರಿಬ್ಬರಲ್ಲಿ ತಮ್ಮ ವಿಯೆಟ್ನಾಂ, ಅಣ್ಣ ಕೊಲಂಬಿಯಾ. ತೋಟ ಪಾಲಾದ ಮೇಲೆ ಅವರಿಬ್ಬರಿಗೆ ಮಾತಿಲ್ಲ. ನನ್ನ ಮುಂದೆಯೂ ಒಂದು ರಟ್ಟು ಇಟ್ಟಳು: ವೀಕ್ಷಕ.

"ಇದೇನು?"

"ನೋಡಬಹುದು ಅಪ್ಪ. ಮಾತಾಡೋ ಹಾಗಿಲ್ಲ."

"ಎಷ್ಟು ಹೊತ್ತು?"

"ಪೂರ್ತಿ."

ಲಕ್ಷ್ಮಣಗೌಡ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ಇದೊಂದಕ್ಕೇ ಪೂರ್ತಿ ಮಾರ್ಕ್ಸ್ ಕೊಟ್ಬಿಡಿ."

ಸಮ್ಮೇಳನ ಶುರುವಾಯಿತು. ನಾನು ನೋಡುತ್ತಾ ನೋಡುತ್ತಾ ಒದ್ದಾಡಿಹೋದೆ. ಕೋಟಿನ ಹುಡುಗರು ಒಬ್ಬೊಬ್ಬರನ್ನೇ ಚಪ್ಪರದ ಮೂಲೆಗೆ ಕರೆದು ಪಿಸುಗುಟ್ಟುತ್ತಿದ್ದರು. ವಿಯೆಟ್ನಾಂ ಕೊಲಂಬಿಯಾಕ್ಕಿಂತ ಕಡಿಮೆಗೆ ಕೊಡುತ್ತೇನೆ ಅಂದಿತು. ಅದನ್ನು ಕೇಳಿ ಕೊಲಂಬಿಯಾ ಇನ್ನೂ ಇಳಿಯಿತು. ಬ್ರೆಜಿಲ್ ಅಂತೂ, "ಊಟ ಎಷ್ಟೊತ್ತಿಗೆ?" ಅಂತ ಕೇಳುತ್ತಿತ್ತು. ಇಪ್ಪತ್ತೆರಡು ವರ್ಷದ ಮಕ್ಕಳ ಕೈಯಲ್ಲಿ ನಮ್ಮ ಊರಿನ ಜನ ಹೀಗೆ ಸುಲಿಸಿಕೊಳ್ಳುವುದೇ ಅಂತ ನನ್ನ ರಕ್ತ ಕುದಿಯಿತು. ಆ ಹುಡುಗರು ಮಾಡುತ್ತಿದ್ದುದು ಅಚ್ಚು ನನ್ನದೇ ಕಸುಬು ಅನ್ನುವುದು ಮಾತ್ರ, ದೇವರಾಣೆ, ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಕಾಫಿಗೆ ಬಿಟ್ಟಾಗ ನಾಲ್ವರನ್ನೂ ಗೋಡೌನಿನ ಮರೆಗೆ ಕರೆದೊಯ್ದೆ.

"ಏನ್ರೀ ನೀವು! ಒಬ್ಬೊಬ್ರೇ ಮೂಲೆಗೆ ಯಾಕೆ ಹೋಗ್ತೀರಿ? ಕರೆದ್ರೆ ನಾಲ್ಕೂ ಜನ ಒಟ್ಟಿಗೆ ಹೋಗಿ. ಮೊದಲು ರೇಟು ಹೇಳಬೇಡಿ, ಅವರ ಬಾಯಿಂದ ಹೊರಡ್ಲಿ. ಅವಸರ ಅವರಿಗೆ, ನಿಮಗಲ್ಲ. ಒಣಗಿದ ಮಾಲು ಮನೇಲಿದ್ರೆ ಏನು ಕೊಳೆಯುತ್ತಾ?"

"ಅಂದ್ರೆ ನಾಲ್ಕೂ ದೇಶಕ್ಕೆ ಒಂದೇ ಮಾತು ಅಂತೀರಿ" ಅಂದರು ಲಕ್ಷ್ಮಣಗೌಡ್ರು.

"ಒಂದೇ ಮಾತು!"

ಲೀಲಕ್ಕ ಲೋಟ ಕೆಳಗಿಟ್ಟಳು. "ಅಣ್ಣ, ಇದು ಇಥಿಯೋಪಿಯಾದಲ್ಲಿ ಮಾತ್ರಾನಾ, ಎಲ್ಲಾ ಕಡೆ ನಡೆಯುತ್ತಾ?"

"ಎಲ್ಲಾ ಕಡೆ ನಡೆಯುತ್ತೆ ಲೀಲಕ್ಕ!" ಅಂದೆ, ಎದೆಯುಬ್ಬಿಸಿ.

ಆಮೇಲೆ ಕೋಟಿನವರಿಗೆ ದಾರಿಯೇ ಸಿಗಲಿಲ್ಲ. ಕರೆದರೆ ನಾಲ್ವರೂ ಏಳುವರು, ರೇಟು ಕೇಳಿದರೆ ನಾಲ್ವರೂ ಸುಮ್ಮನೆ ಕೂರುವರು, ಅವರೇ ರೇಟು ಹೇಳಿದರೆ ನಾಲ್ವರೂ ಅದಕ್ಕಿಂತ ಮೇಲಿನ ಒಂದೇ ರೇಟು ಹೇಳುವರು. ಒಂದು ಹಂತದಲ್ಲಿ ಕೊಲಂಬಿಯಾ ಪಕ್ಕಕ್ಕೆ ತಿರುಗಿ, "ವಿಯೆಟ್ನಾಂ, ನೀನು ಏನಂತೀಯ?" ಅಂತ ನೇರವಾಗಿ ಕೇಳಿತು. ತೋಟ ಪಾಲಾದ ಮೇಲೆ ಅಣ್ಣ ತಮ್ಮನ ಹತ್ತಿರ ಆಡಿದ ಮೊದಲ ಮಾತು ಅದು. ಇತ್ತ ಊಟದ ಹೊತ್ತು ಹತ್ತಿರವಾಗುತ್ತಿತ್ತು, ಒಪ್ಪಂದ ಆಗುವ ಸೂಚನೆಯಿಲ್ಲ. ಚೈತ್ರಳ ಮುಖ ಬಿಳುಚಿಕೊಂಡಿತು. ನನ್ನ ಸಲಹೆಯಿಂದ ಮಗಳ ಅಂಕ ಹೋಗುತ್ತದಲ್ಲ ಅಂತ ಕುರ್ಚಿಯಿಂದ ಅರ್ಧ ಎದ್ದವನು, ಮುಂದಿದ್ದ ರಟ್ಟು ನೋಡಿ ಮತ್ತೆ ಕೂತೆ. ಮಾತಾಡುವ ಹಾಗಿಲ್ಲ, ವೀಕ್ಷಕ.

ಆಗ ಲೀಲಕ್ಕ, ನಾನು ಕಲಿಸದೇ ಇದ್ದದ್ದೊಂದನ್ನು ಮಾಡಿದಳು. "ರೇಟು ನಾವು ಹೇಳಿದ್ದೇ. ಆದ್ರೆ ಮಾಲನ್ನ ಬಂದರಿನ ತನಕ ನಾವೇ ಮುಟ್ಟಿಸ್ತೀವಿ. ಪಾಪ, ಅವರಿಗೂ ಊರಿಗೆ ಹೋಗಿ ಹೇಳ್ಕೊಳ್ಳೋಕೆ ಏನಾದ್ರೂ ಬೇಕಲ್ಲ" ಅಂದಳು. ಕೋಟಿನವರು ಅದನ್ನೇ ಹಿಡಿದುಕೊಂಡು ಸಹಿ ಹಾಕಿದರು. ಮೇಡಂ ಪುಸ್ತಕ ಮುಚ್ಚಿ, "ಈ ಒಂದು ಮಾತನ್ನ ಅರ್ಥ ಮಾಡಿಸೋಕೆ ನನಗೆ ಒಂದು ಸೆಮಿಸ್ಟರ್ ಬೇಕಾಗುತ್ತೆ" ಅಂದರು. ನಾನು ಎಲ್ಲರಿಗೂ ಕಡುಬು ಬಡಿಸಿದೆ, ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಾ.

ಸೋಮವಾರ ಬೆಳಿಗ್ಗೆ ಲಕ್ಷ್ಮಣಗೌಡ್ರ ಜೀಪು ಬಂತು. ಅದರಿಂದ ಇಳಿದವರು ನಾಲ್ವರು. ಬಣಕಲ್‌ನ ಚರಿತ್ರೆಯಲ್ಲಿ ಅವರು ಹಾಗೆ ಒಟ್ಟಿಗೆ ಬಂದದ್ದು ಅದೇ ಮೊದಲು. ಗೌಡ್ರು ಕಂಕುಳಿಂದ ರಟ್ಟು ತೆಗೆದು ನನ್ನ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಬ್ರೆಜಿಲ್. ಪಕ್ಕದಲ್ಲಿ ಇನ್ನು ಮೂರು.

"ಏನ್ ಗೌಡ್ರೇ, ಇದೆಂಥ ಆಟ?"

"ಆಟ ನಿನ್ನೆ ಮುಗೀತಲ್ಲ ಮಾರಾಯ್ರೆ."

ನಾಲ್ವರೂ ಮೂಟೆಗಳ ಮೇಲೆ ಕೂತರು. ಯಾರೂ ರೇಟು ಎತ್ತಲಿಲ್ಲ. ನಾನು ಮಳೆ, ಹೂವು, ಕಾಳುಮೆಣಸು ಎಲ್ಲ ಮಾತಾಡಿದೆ. ಹೂಂ ಅಂದರು. ಕೊನೆಗೆ ನನ್ನ ಹಳೆಯ ಅಸ್ತ್ರ ತೆಗೆದೆ. "ಲೀಲಕ್ಕ, ಸ್ವಲ್ಪ ಒಳಗೆ ಬನ್ನಿ, ಒಂದು ಮಾತಿತ್ತು."

"ಇಥಿಯೋಪಿಯಾ ಒಳಗೆ ಬರೋದಿಲ್ಲ ಅಣ್ಣ."

"ಹಾಗಾದ್ರೆ ಮಾಲು ನಿಮ್ಮ ಮನೇಲೇ ಇರ್ಲಿ" ಅಂತ ಬಿಗಿದೆ.

"ಇರ್ಲಿ. ಕೊಳೆಯಲ್ಲ ಅಂತ ನೀವೇ ಹೇಳಿದ್ರಲ್ಲ" ಅಂದಿತು ವಿಯೆಟ್ನಾಂ. ಕೊಲಂಬಿಯಾ ತಮ್ಮನ ಬೆನ್ನು ತಟ್ಟಿತು.

ಗುರುವಾರದ ಲಾರಿ ನನ್ನ ಕಣ್ಣ ಮುಂದೆ ಅರ್ಧ ಖಾಲಿಯಾಗಿ ನಿಂತಿತು. ಮಾತು ತಪ್ಪಿದರೆ ಇಷ್ಟು ವರ್ಷದ ಹೆಸರು ಹೋಗುತ್ತದೆ. ಬೆವರು ಒರೆಸಿಕೊಂಡು ರೇಟು ಹೇಳಿದೆ. ತಲೆಯಾಡಿಸಿದರು. ಇನ್ನೊಂದು ಹೇಳಿದೆ. ಮೂರನೆಯದಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಗಲಿ ಅಂದರು. ಲೀಲಕ್ಕ ಎದ್ದವಳು, "ಮಾಲನ್ನ ನಾವೇ ನಮ್ಮ ಜೀಪಲ್ಲಿ ತಂದು ಹಾಕ್ತೀವಿ, ನೀವು ಗಾಡಿ ಕಳಿಸೋದು ಬೇಡ. ನಿಮಗೂ ಮನೇಲಿ ಹೇಳ್ಕೊಳ್ಳೋಕೆ ಒಂದು ಮಾತು ಬೇಕಲ್ಲ ಅಣ್ಣ" ಅಂದಳು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತು ಹೆಂಡತಿಗೆ ಹೇಳಿದೆ: "ಈ ಸಲ ಜೀಪಿನ ಬಾಡಿಗೆ ಪೂರ್ತಿ ಉಳಿಸಿದೆ ನೋಡು." ಹೇಳುವಾಗ ನಿಜಕ್ಕೂ ಸ್ವಲ್ಪ ಖುಷಿಯಾಯಿತು. ಅದೇ ವಿಚಿತ್ರ. ಇಷ್ಟು ವರ್ಷ ನನ್ನ ಎರಡನೇ ಕುರ್ಚಿಯಿಂದ ಎದ್ದುಹೋದವರು ಮನೆಯಲ್ಲಿ ಇದೇ ಮುಖ ಮಾಡಿಕೊಂಡು ಇಂಥದ್ದೇ ಮಾತು ಹೇಳಿರಬೇಕು ಅಂತ ಅನ್ನಿಸಿತು.

ಸಂಜೆ ಯೂನಿವರ್ಸಿಟಿಯಿಂದ ಚೈತ್ರ ಫೋನ್ ಮಾಡಿದಳು. ಸುದ್ದಿ ಆಗಲೇ ತಲುಪಿತ್ತು. "ಅಪ್ಪ, ಇದನ್ನ ನನ್ನ ಪ್ರಾಜೆಕ್ಟ್‌ನಲ್ಲಿ ಬರೀಲಾ?"

"ಬರಿ. ನನ್ನ ಹೆಸರು ಹಾಕಬೇಡ."

"ಇಲ್ಲ. 'ಕೊಳ್ಳುವ ದೇಶ' ಅಂತ ಹಾಕ್ತೀನಿ."

ಅಲ್ಲಿಂದ ಪ್ರತಿ ವರ್ಷವೂ ಅವರು ಒಟ್ಟಿಗೇ ಬರುತ್ತಾರೆ. ರಟ್ಟು ಮಾತ್ರ ಈಗ ತರುವುದಿಲ್ಲ, ಅದರ ಅಗತ್ಯವೂ ಇಲ್ಲ. ಲಾಭ ಮೊದಲಿನಷ್ಟಿಲ್ಲ ನಿಜ. ಆದರೆ ಯಾರ ಮಾಲು ಯಾವತ್ತು ಬರುತ್ತದೆ ಅಂತ ನಿದ್ದೆಗೆಡುವುದೂ ಇಲ್ಲ. ನಿಮ್ಮ ಮನೆಯ ಮಕ್ಕಳು ಈ ವಿಷಯ ಓದುತ್ತೇನೆ ಅಂದರೆ ಧಾರಾಳವಾಗಿ ಕಳಿಸಿ. ಸಮ್ಮೇಳನವನ್ನು ಮಾತ್ರ ಬೇರೆಯವರ ಕಣದಲ್ಲಿ ಮಾಡಿಸಿ.

ನಿನ್ನೆ ಲೀಲಕ್ಕನ ಫೋನ್ ಬಂತು. "ನಾಳೆ ಬೆಳಿಗ್ಗೆ ಬರ್ತೀವಿ ಅಣ್ಣ." ಬ್ರೆಜಿಲನ್ನು ಒರೆಸಿ ಮೇಜಿನ ಮೇಲೆ ನಿಲ್ಲಿಸಿದೆ; ನೋಡಿ ಗೌಡ್ರು ನಗಲಿ. ಒಳಗಿನ ಕೋಣೆಗೆ ಇನ್ನೂ ಮೂರು ಕುರ್ಚಿ ಹಾಕಿಸಿದೆ. ಐದು ಕುರ್ಚಿ ಹಿಡಿಸಿದ ಮೇಲೆ ಬಾಗಿಲು ಮುಚ್ಚಲು ಬರಲಿಲ್ಲ. ಹಾಗೆಯೇ ತೆರೆದಿಟ್ಟು ಬಂದೆ.